ನಿಂತ ಗಾಡಿಯ ಸಾರಥಿ

ಅಕ್ಟೋಬರ್ ಎರಡನೆಯ ವಾರ ಬಂತೆಂದರೆ ಭಾವನ ಫೋನು ಬರುತ್ತದೆ. ಕ್ಷೇಮ ಸಮಾಚಾರ ಇಲ್ಲ, ಪೀಠಿಕೆ ಇಲ್ಲ. "ಲೋ, ಶನಿವಾರ ಬಿಡುವಾಗಿದ್ದೀಯೇನೋ? ಟಾರ್ಚ್ ಹಿಡಿಯೋಕೆ ಒಬ್ರು ಬೇಕು" ಅನ್ನುತ್ತಾರೆ. ನಾನು ಎಂಜಿನಿಯರಿಂಗ್ ಓದಿದವನು, ಎರಡು ಮಕ್ಕಳ ತಂದೆ, ಆಫೀಸಿನಲ್ಲಿ ನನ್ನ ಕೈಕೆಳಗೆ ಹನ್ನೊಂದು ಜನ ಇದ್ದಾರೆ. ಭಾವನ ಲೆಕ್ಕದಲ್ಲಿ ನಾನು ಟಾರ್ಚಿಗೆ ಅಂಟಿಕೊಂಡ ಒಂದು ಕೈ. ಅದೂ ಅಷ್ಟೇನೂ ಒಳ್ಳೆಯ ಕೈಯಲ್ಲ. "ಇಲ್ಲಿ ಹಿಡಿ ಅಂದ್ರೆ ಅಲ್ಲಿ ಹಿಡೀತೀಯಲ್ಲೋ" ಅಂತ ಹತ್ತು ವರ್ಷದಿಂದ ಬೈಸಿಕೊಳ್ಳುತ್ತಿದ್ದೇನೆ.

ಭಾವ ಮತ್ತು ಅಕ್ಕ ಇರುವುದು ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ನೋವಿಯಲ್ಲಿ. ನಾನು ಹುಟ್ಟಿಸಿದ ಹೆಸರಲ್ಲ, ಊರಿನ ಹೆಸರೇ ಅದು. ಭಾವನ ಜೊತೆ ಒಂದು ಶನಿವಾರ ನೆಲದ ಮೇಲೆ ಹೊರಳಾಡಿ ಬಂದವರು ಭಾನುವಾರ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ, ಈ ಊರಿಗೆ ಹೆಸರಿಟ್ಟವನು ಕನ್ನಡದವನೇ ಇರಬೇಕು ಅಂದುಕೊಳ್ಳುತ್ತಾರೆ.

ಅಮೆರಿಕದಲ್ಲಿ ಯಾವ ಕನ್ನಡ ಕೂಟಕ್ಕೆ ಹೋದರೂ ಕೆಲವು ಜನ ಖಾಯಂ. ಟಬ್ಬಿನಲ್ಲಿ ಕರಿಬೇವು ಬೆಳೆಸಿ, ಚಳಿ ಬಂದಾಗ ಅದನ್ನು ಬಾಣಂತಿಯ ಹಾಗೆ ಒಳಗೆ ಕರೆದುಕೊಳ್ಳುವವರೊಬ್ಬರು. ನಾಟಕದ ರಿಹರ್ಸಲ್‌ಗೆ ಬರದೆ ನಾಟಕಕ್ಕೆ ಮಾತ್ರ ಬರುವವರೊಬ್ಬರು. ಇನ್ನೊಬ್ಬರು ಟ್ರೈಲರ್ ಇಟ್ಟವರು. ಟ್ರೈಲರ್ ಅಂದರೆ ಸಿನಿಮಾದ್ದಲ್ಲ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಹಾಸಿಗೆ, ಒಲೆ, ಸಿಂಕು, ಕಕ್ಕಸು ಎಲ್ಲ ಇದೆ, ಎಂಜಿನ್ ಒಂದಿಲ್ಲ. ಭಾವನದು ಇಪ್ಪತ್ತನಾಲ್ಕು ಅಡಿ ಉದ್ದ, ಎರಡು ಆಕ್ಸಲ್, ನಾಲ್ಕು ಚಕ್ರ, ಸಾಮಾನು ತುಂಬಿದರೆ ಎರಡೂವರೆ ಟನ್ನಿನ ಮೇಲೆ. ಇಂಥದ್ದನ್ನು ನಮ್ಮವರು ಕೊಳ್ಳುವುದಕ್ಕೆ ಕಾರಣ ಎಲ್ಲ ಮನೆಗಳಲ್ಲೂ ಒಂದೇ: "ಎಲ್ಲಿ ಹೋದ್ರೂ ನಮ್ಮ ಅನ್ನ ಸಾರು ನಾವೇ ಮಾಡ್ಕೋಬಹುದು." ಸಾರಿನ ಮೇಲಿನ ಪ್ರೀತಿಯಿಂದ ಎರಡೂವರೆ ಟನ್ ಎಳೆದವರು ನಮ್ಮ ಹಾಸನ ಜಿಲ್ಲೆಯಲ್ಲಿ ಭಾವ ಒಬ್ಬರೇ ಇರಲಾರರು.

ಕೊಂಡದ್ದು ತಿರುಗಾಡಲು. ತಿರುಗಾಡಿದ್ದು, ಅಕ್ಕನ ಲೆಕ್ಕದ ಪ್ರಕಾರ, ವರ್ಷಕ್ಕೆ ಒಂಬತ್ತು ರಾತ್ರಿ. ಉಳಿದ 356 ರಾತ್ರಿ ಆ ಟ್ರೈಲರ್ ನಿಂತಿರುತ್ತದೆ. ನಮ್ಮ ಕಡೆಯ ತೇರಿಗೂ ಇದೇ ಗತಿ ಅಲ್ಲವೇ? ವರ್ಷಕ್ಕೊಂದು ದಿನ ಎಳೆಸಿಕೊಂಡು, ಉಳಿದ ದಿನ ತಗಡಿನ ಮರೆಯಲ್ಲಿ ನಿಂತು, ಆಡುಮರಿಗಳಿಗೆ ನೆರಳಾಗಿರುತ್ತದೆ. ಆದರೆ ತೇರು ಎಳೆಯುವ ದಿನಕ್ಕಾಗಿ ಊರು ಕಾಯುತ್ತದೆ. ಭಾವ ಕಾಯುವುದು ನಿಲ್ಲಿಸುವ ದಿನಕ್ಕೆ.

ಇದು ಅವರ ವಂಶದಲ್ಲೇ ಬಂದದ್ದು. ಅವರ ತಂದೆ ಪಿಡಬ್ಲ್ಯುಡಿಯಲ್ಲಿ ಓವರ್‌ಸಿಯರ್ ಆಗಿದ್ದವರು. ಆಸ್ತಿ ಹಂಚುವಾಗ ಅಣ್ಣ ಗದ್ದೆ ತೆಗೆದುಕೊಂಡ, ತಮ್ಮ ಸೈಟು ತೆಗೆದುಕೊಂಡ, ಭಾವ ತೆಗೆದುಕೊಂಡದ್ದು ಅಪ್ಪನ ರಸಮಟ್ಟ. ಒಂದೂವರೆ ಅಡಿಯ ತೇಗದ ಪಟ್ಟಿ, ಅಂಚಿಗೆ ಹಿತ್ತಾಳೆ, ನಡುವೆ ಹಸಿರು ದ್ರವದಲ್ಲಿ ಒಂದು ಗುಳ್ಳೆ. ಅದನ್ನು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಮಲಗಿಸಿ ತಂದರು. ಗುಳ್ಳೆ ಎರಡು ಗೀಟುಗಳ ಮಧ್ಯೆ ಬಂದು ನಿಂತರೆ ಭಾವನ ಮುಖದಲ್ಲಿ ಮೂಡುವ ಶಾಂತಿಯನ್ನು ನಾನು ಯಾವ ದೇವಸ್ಥಾನದಲ್ಲೂ ಕಂಡಿಲ್ಲ. ಹೋಟೆಲಿನಲ್ಲಿ ಮೇಜು ಒಂದಿಷ್ಟು ಅಲ್ಲಾಡಿದರೆ ಸಾಕು, ಎಲ್ಲರೂ ಮೆನು ನೋಡುವ ಹೊತ್ತಿಗೆ ಅವರು ಮೇಜಿನ ಕೆಳಗಿರುತ್ತಾರೆ, ಕೈಯಲ್ಲಿ ನಾಲ್ಕು ಮಡಿಕೆಯ ಟಿಶ್ಯೂ. ನನ್ನ ಮಗಳ ನಾಮಕರಣದಲ್ಲಿ ಪುರೋಹಿತರು ಹೆಸರು ಕೇಳಿದಾಗ ಸೋದರತ್ತೆಯ ಕಡೆಯವರೆಲ್ಲ ಇದ್ದರು, ಭಾವ ಮಾತ್ರ ಇರಲಿಲ್ಲ. ತೊಟ್ಟಿಲ ಕಾಲಿಗೆ ರಟ್ಟು ಕೊಡುತ್ತಿದ್ದರು.

ಮೊದಲ ವರ್ಷ ಟ್ರೈಲರನ್ನು ಮನೆಯ ಮುಂದೆಯೇ ನಿಲ್ಲಿಸಿದ್ದರು. ಆಗ ಅವರೂ ನಮ್ಮ ನಿಮ್ಮ ಹಾಗೆಯೇ ಇದ್ದವರು. ಅಂಗಡಿಯಿಂದ ಹಾಲೋ ಬ್ಲಾಕ್ ತಂದು, ಒಂದರ ಮೇಲೊಂದು ಪೇರಿಸಿ, ಮೇಲೆ ಚಾಸಿ ಕೂರಿಸಿ, ಕೈ ಒರೆಸಿಕೊಂಡು ಒಳಗೆ ಬಂದು ಕಾಫಿ ಕುಡಿದರು. ಬ್ಲಾಕುಗಳ ತೂತು ಪಕ್ಕಕ್ಕೆ ಬರುವ ಹಾಗೆ ಮಲಗಿಸಿದ್ದರು, ಬೆರಳು ತೂರಿಸಿ ಎತ್ತಲು ಸಲೀಸಲ್ಲವೇ! ಆ ಬ್ಲಾಕು ಭಾರ ಹೊರುವುದು ತೂತು ಆಕಾಶ ನೋಡುವ ಹಾಗೆ ನಿಲ್ಲಿಸಿದಾಗ. ಮಲಗಿಸಿದರೆ ಭಾರವೆಲ್ಲ ಒಂದೂಕಾಲು ಇಂಚಿನ ತೆಳು ಗೋಡೆಯ ಮೇಲೆ. ಸರಿಯಾಗಿ ನಿಲ್ಲಿಸಿದರೂ ಅದನ್ನು ನಂಬಿ ಗಾಡಿ ಕೂರಿಸಬಾರದು. ಕಬ್ಬಿಣ ಬಾಗಿ ಸೂಚನೆ ಕೊಡುತ್ತದೆ, ಮರ ಕಿರ್ ಎಂದು ಹೇಳುತ್ತದೆ, ಸಿಮೆಂಟು ಯಾರಿಗೂ ಏನೂ ಹೇಳದೆ ಒಮ್ಮೆಗೇ ಪುಡಿಯಾಗುತ್ತದೆ. ರಾತ್ರಿ ಎರಡು ಗಂಟೆಗೆ ಢಂ ಅಂತ ಸದ್ದಾಯಿತು. ಯಾರೋ ಗುಂಡು ಹಾರಿಸಿದರು ಅಂತ ಅಕ್ಕ ಮಂಚದ ಕೆಳಗೆ ಹೊಕ್ಕಳು. ಭಾವ ಕಿಟಕಿಯಲ್ಲಿ ನೋಡಿದರೆ ಟ್ರೈಲರ್ ಒಂದು ಮೂಲೆಗೆ ವಾಲಿಕೊಂಡು, ಬಾಗಿಲು ತಾನೇ ತೆರೆದುಕೊಂಡು, ಒಳಗಿನ ಪಾತ್ರೆಗಳು ಒಂದೊಂದಾಗಿ ಇಳಿದು ಬರುತ್ತಿದ್ದವು.

ಕೂಟದಲ್ಲಿ ಈ ಕತೆ ಹೇಳುವಾಗ ಅವರು ಪಾತ್ರೆಗಳವರೆಗೆ ಹೇಳಿ ನಿಲ್ಲಿಸುತ್ತಾರೆ. ಅಂದು ಸಂಜೆ ಮಗಳು ಚೆಂಡು ತೆಗೆಯಲು ಅದರಡಿ ನುಸುಳಿ ಹೋಗಿದ್ದಳು ಅನ್ನುವುದನ್ನು ನನಗೆ ಹೇಳಿದ್ದು ಅಕ್ಕ.

ಮರುವಾರ ಬಡಾವಣೆಯ ಸಂಘದಿಂದ ಕಾಗದ ಬಂತು. ಮನೆಯ ಮುಂದೆ ಟ್ರೈಲರನ್ನು 48 ಗಂಟೆಗಿಂತ ಹೆಚ್ಚು ನಿಲ್ಲಿಸುವಂತಿಲ್ಲ, ನೋಟ ಕೆಡುತ್ತದೆ ಅಂತ. ವಾಲಿದ ಟ್ರೈಲರಿನ ಫೋಟೋ ಬೇರೆ ಲಗತ್ತಿಸಿದ್ದರು. ಭಾವನಿಗೆ ನೋವಾದದ್ದು ಕಾಗದದಿಂದಲ್ಲ, ಫೋಟೋದಿಂದ. "ಮಟ್ಟವಾಗಿದ್ದಾಗ ಒಬ್ರೂ ಫೋಟೋ ತೆಗೀಲಿಲ್ಲ" ಅಂದರು. ಊರಾಚೆ ಒಬ್ಬ ರೈತ ತನ್ನ ಹೊಲದ ಅಂಚಿಗೆ ಜಲ್ಲಿ ಹಾಸಿ ಇಂಥ ಗಾಡಿಗಳಿಗೆ ತಿಂಗಳ ಬಾಡಿಗೆಗೆ ಜಾಗ ಕೊಡುತ್ತಿದ್ದ. ಅಲ್ಲಿಗೆ ಸಾಗಿಸಿದರು. ನನ್ನ ಟಾರ್ಚ್ ಸೇವೆ ಶುರುವಾದದ್ದು ಆ ಜಲ್ಲಿಯ ಮೇಲೆ.

ಆ ಶನಿವಾರಗಳಲ್ಲಿ ಭಾವ ಬೇರೆಯೇ ಮನುಷ್ಯ. ಮನೆಯಲ್ಲಿ ಮೂರು ಮಾತಿಗೆ ಒಂದು ಹೂಂ ಅನ್ನುವವರು, ಅಲ್ಲಿ ಜಲ್ಲಿಯ ಮೇಲೆ ಮಂಡಿಯೂರಿದ ಕೂಡಲೇ ಹರಿಕತೆ ಶುರು. ಮೊದಲು ಚಕ್ರಗಳಿಗೆ ಅಡ್ಡ ಕೊಡಬೇಕು. ನಮ್ಮ ಲಾರಿ ಕ್ಲೀನರ್ ಹುಡುಗರು ಇಳಿದ ತಕ್ಷಣ ಕಲ್ಲು ಕೊಡುತ್ತಾರಲ್ಲ, ಅದೇ ಕೆಲಸ, ಆದರೆ ಇಲ್ಲಿ ರಬ್ಬರಿನ ಬೆಣೆ, ಎರಡೂ ಕಡೆ, ಹಿಂದೆ ಮುಂದೆ. ಈ ಮನೆಗೆ ಹ್ಯಾಂಡ್ ಬ್ರೇಕ್ ಅನ್ನುವುದೇ ಇಲ್ಲ, ಕಾರಿನಿಂದ ಬಿಚ್ಚಿದ ಮರುಕ್ಷಣ ಇಳಿಜಾರು ಕರೆದ ಕಡೆಗೆ ಹೊರಡುತ್ತದೆ. ಬೆಣೆ ಕೊಟ್ಟಮೇಲೆ ಕೊಂಡಿ ಬಿಚ್ಚುವುದು, ಮೂಕಿ ಎತ್ತುವುದು. ಮೂಕಿ ಅಂತ ಅಂದವರು ಭಾವನೇ. ಗಾಡಿಯ ಮುಂದೆ ಚಾಚಿಕೊಂಡ ಆ ಕಬ್ಬಿಣದ ತ್ರಿಕೋನಕ್ಕೆ ಇಂಗ್ಲಿಷಿನವರು ನಾಲಿಗೆ ಅನ್ನುತ್ತಾರಂತೆ, ಅದು ಅವರಿಗೆ ಒಪ್ಪಿಗೆಯಾಗಲಿಲ್ಲ. "ಎತ್ತಿನ ಗಾಡೀಲಿ ಎತ್ತು ಬಿಚ್ಚಿದ ಮೇಲೆ ಮೂಕಿಗೆ ಕೋಲು ಕೊಡ್ತಿರಲಿಲ್ವೇನೋ? ಇದೂ ಅದೇ. ಗಾಡಿ ತೂಕದಲ್ಲಿ ಶೇಕಡಾ 10ರಿಂದ 15 ಮೂಕಿ ಮೇಲೇ ಇರುತ್ತೆ. ಮುನ್ನೂರು ಕೆಜಿ. ಕಾಲ್ಬೆರಳು ತೆಗಿ ಅಲ್ಲಿಂದ."

ಆಮೇಲೆ ಬರುವುದು ಅವರಿಗೆ ಪ್ರಿಯವಾದ ಅಧ್ಯಾಯ: ಹಿಡಿಯುವವರು ಮತ್ತು ಹೊರುವವರು. ಟ್ರೈಲರಿನ ನಾಲ್ಕು ಮೂಲೆಗೂ ಕಂಪನಿಯವರೇ ಮಡಚುವ ಜಾಕಿಗಳನ್ನು ಕೊಟ್ಟಿರುತ್ತಾರೆ. ಹ್ಯಾಂಡಲ್ ತಿರುಗಿಸಿದರೆ ಇಳಿದು ನೆಲ ಮುಟ್ಟುತ್ತವೆ. ನೋಡಿದವರು ಓಹೋ, ಇವೇ ಗಾಡಿಯನ್ನು ಹೊರುತ್ತವೆ ಅಂದುಕೊಂಡು ತಿರುಗಿಸುತ್ತಲೇ ಹೋಗುತ್ತಾರೆ. ಮೂಲೆ ಮೇಲೇಳುತ್ತದೆ, ಚಾಸಿ ಬಾಗುತ್ತದೆ, ಬಾಗಿಲು ಹಾಕಿಕೊಳ್ಳುವುದಿಲ್ಲ. ಅವು ಇರುವುದು ಒಳಗೆ ಜನ ಓಡಾಡುವಾಗ ಗಾಡಿ ಅಲ್ಲಾಡದಿರಲಿ ಅಂತ ಅಷ್ಟೇ. ಇದನ್ನು ಭಾವ ವಿವರಿಸಿದ್ದು ಹೀಗೆ: "ಮದುವೆ ಮನೇಲಿ ಚಪ್ಪರದ ಕಂಬ ಹಿಡ್ಕೊಂಡು ಫೋಟೋಗೆ ನಿಂತಿರ್ತಾರಲ್ಲ, ಅವರು ಸ್ಟೆಬಿಲೈಸರ್. ಚಪ್ಪರ ಹೊತ್ತಿರೋದು ಕಂಬ." ಯಾರು ಯಾರು ಅಂತ ನಾನು ಕೇಳಲಿಲ್ಲ. ಅಕ್ಕನ ಮದುವೆಯ ಆಲ್ಬಮ್ಮಿನ ಮೂರನೆಯ ಪುಟದಲ್ಲಿ ಕಂಬ ಹಿಡಿದು ನಿಂತವನು ನಾನೇ.

ಹೊರುವ ಕೆಲಸ ಜಾಕ್ ಸ್ಟ್ಯಾಂಡುಗಳದು. ನಾಲ್ಕು ಇವೆ, ಒಂದೊಂದೂ ಮೂರು ಟನ್ನಿನದು. ಎರಡೂವರೆ ಟನ್ ಗಾಡಿಗೆ ಹನ್ನೆರಡು ಟನ್ ಯಾಕೆ ಭಾವ ಅಂದಿದ್ದಕ್ಕೆ ನನ್ನನ್ನು ಅಯ್ಯೋ ಪಾಪ ಅನ್ನುವ ಹಾಗೆ ನೋಡಿದರು. ಒಂದೊಂದರ ಪಾದದ ಕೆಳಗೂ ದಪ್ಪ ಪ್ಲೈವುಡ್ ಹಲಗೆ, ಇಲ್ಲದಿದ್ದರೆ ಜಲ್ಲಿಯಲ್ಲಿ ಹೂತುಹೋಗುತ್ತದೆ. ಡಾಂಬರಿನ ಮೇಲೂ ಅಷ್ಟೇ, ಬೇಸಿಗೆಯ ಬಿಸಿಲಿಗೆ ಕಬ್ಬಿಣದ ಪಾದ ಬೆಣ್ಣೆಯೊಳಗೆ ಚಮಚದ ಹಾಗೆ ಇಳಿಯುತ್ತದೆ. ಬಾಟಲ್ ಜಾಕಿಯನ್ನು ಚಾಸಿಯ ಉದ್ದನೆಯ ತೊಲೆಯ ಕೆಳಗೇ ಇಡಬೇಕು. ಆಕ್ಸಲ್ ಕೆಳಗೆ ಇಟ್ಟರೆ ಮುಗಿಯಿತು. ನಾನು ಒಮ್ಮೆ, ಟಾರ್ಚ್ ಬಿಟ್ಟು ಬುದ್ಧಿ ತೋರಿಸಲು ಹೋಗಿ, "ಆಕ್ಸಲ್ಲೇ ಗಟ್ಟಿಯಾಗಿ ಕಾಣ್ತಾ ಇದೆ, ಅಲ್ಲೇ ಕೊಡೋಣ" ಅಂದೆ. ಭಾವ ಗಾಡಿಯ ಕೆಳಗಿನಿಂದ ಪೂರ್ತಿ ಹೊರಗೆ ಬಂದರು, ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಅದು ಪೊಳ್ಳು ಕೊಳವೆ ಕಣೋ. ಲೆಕ್ಕ ಹಾಕಿ ಬಗ್ಗಿಸಿರ್ತಾರೆ ಅದನ್ನ. ನಡುವೆ ಜಾಕಿ ಕೊಟ್ಟು ಇನ್ನೊಂಚೂರು ಬಗ್ಗಿಸಿದ್ರೆ ಚಕ್ರ ಸೊಟ್ಟ, ಟೈರು ಸವಕಲು." ಮತ್ತೆ ಕೆಳಗೆ ಹೋದರು. ಅವತ್ತಿನಿಂದ ನನ್ನ ಅಭಿಪ್ರಾಯ ಕೇಳಿಲ್ಲ. ಅದಕ್ಕೆ ಮುಂಚೆಯೂ ಕೇಳಿರಲಿಲ್ಲ ಅನ್ನಿ.

ಒಂದು ಪಕ್ಕ ಒಂದಿಂಚು ಎತ್ತುವುದು, ಸ್ಟ್ಯಾಂಡ್ ತೂರಿಸುವುದು, ಇಳಿಸುವುದು, ಇನ್ನೊಂದು ಪಕ್ಕಕ್ಕೆ ಹೋಗುವುದು. ಜಾಕಿ ಒಂದರ ಮೇಲೇ ಗಾಡಿ ನಿಂತಿರುವಾಗ ಕೆಳಗೆ ತಲೆ ಹಾಕುವಂತಿಲ್ಲ, ಕೈ ಹಾಕುವಂತಿಲ್ಲ, ಬಿದ್ದ ಸ್ಪ್ಯಾನರ್ ತೆಗೆಯುವಂತಿಲ್ಲ. "ಜಾಕಿ ಎತ್ತೋಕೆ, ಸ್ಟ್ಯಾಂಡ್ ಹೊರೋಕೆ" ಅನ್ನುವುದನ್ನು ಅವರು ಸಂಧ್ಯಾವಂದನೆಯ ಹಾಗೆ ಪ್ರತಿ ಮೂಲೆಗೂ ಒಮ್ಮೆ ಹೇಳುತ್ತಾರೆ. ಸ್ಟ್ಯಾಂಡ್ ಮೇಲೆ ಕೂತಮೇಲೂ ತಕ್ಷಣ ಕೆಳಗೆ ಬಿಡುವುದಿಲ್ಲ. ಎದ್ದು ನಿಂತು, ಭುಜ ಕೊಟ್ಟು, ಗಾಡಿಯನ್ನು ಎರಡು ಸಲ ತಳ್ಳಿ ನೋಡುತ್ತಾರೆ. ಅರವತ್ತು ಕೆಜಿಯ ಮನುಷ್ಯ ಎರಡೂವರೆ ಟನ್ನಿಗೆ ಭುಜ ಕೊಟ್ಟು ಮೇಲೆ ನೋಡುತ್ತ ನಿಂತಾಗ, ದೂರದಿಂದ ನೋಡಿದವರಿಗೆ ಗೋವರ್ಧನ ಎತ್ತುವ ಆಸೆ ಬಿಟ್ಟ ಕೃಷ್ಣನ ಹಾಗೆ ಕಾಣುತ್ತಾರೆ.

ಎಲ್ಲಕ್ಕಿಂತ ಸೂಕ್ಷ್ಮ ಟೈರಿನ ವಿಷಯ. ಟೈರಿನ ಮೇಲೆ ಭಾರ ಪೂರ್ತಿ ಇರಬಾರದು, ಆದರೆ ಚಕ್ರ ಗಾಳಿಯಲ್ಲಿ ತೇಲಲೂ ಬಾರದು. "ಟೈರು ನೆಲ ಮುಟ್ಟಿರಬೇಕು, ಗಾಡಿ ಹೊರಬಾರದು." ಇದು ನಿವೃತ್ತ ಹಿರಿಯರ ಬಗ್ಗೆ ಹೇಳಿದ ಹಾಗಿದೆಯಲ್ಲ ಭಾವ ಅಂದೆ, ನಗಲಿಲ್ಲ. ಪ್ರತಿ ಟೈರಿನ ಪಕ್ಕೆಯಲ್ಲೂ ಒಂದು ಸಾಲು ಅಕ್ಷರ, ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ ಇಪ್ಪತ್ತಮೂರನೆಯ ವಾರ ಹುಟ್ಟಿದ್ದು. ಭಾವ ಟಾರ್ಚಿನ ಬೆಳಕಿನಲ್ಲಿ ನಾಲ್ಕೂ ಟೈರಿನ ಜಾತಕ ಓದಿ, ಆಯುಸ್ಸು ಗುಣಿಸುತ್ತಾರೆ. ಓಡದೆ ನಿಂತ ಟೈರಿನ ಹಲ್ಲು ಸವೆಯುವುದಿಲ್ಲ, ನೋಡಲು ಹೊಸದರ ಹಾಗೇ ಇರುತ್ತದೆ, ಒಳಗೊಳಗೇ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ. ಐದಾರು ವರ್ಷಕ್ಕೆ ಬದಲಾಯಿಸುವುದು ಕ್ಷೇಮ. ಬಿಸಿಲು ತಾಗದಿರಲಿ ಅಂತ ನಾಲ್ಕಕ್ಕೂ ಬಿಳಿ ಟೋಪಿ ತೊಡಿಸುತ್ತಾರೆ. ಅಕ್ಕ ಒಮ್ಮೆ ನೋಡಿ, "ನಮ್ಮ ಮಕ್ಕಳಿಗೂ ಇಷ್ಟು ಜೋಪಾನವಾಗಿ ಕುಲಾವಿ ಕಟ್ಟಿರಲಿಲ್ಲ ಇವ್ರು" ಅಂದಳು.

ಇಷ್ಟೆಲ್ಲ ಶಾಸ್ತ್ರಕ್ಕೆ ಒಬ್ಬ ಚಾರ್ವಾಕ ಬೇಕಲ್ಲ, ಅವನು ಪಕ್ಕದ ಜಾಗದಲ್ಲೇ ಇದ್ದಾನೆ. ಕಾರ್ ಕಾರ್ಖಾನೆಯಿಂದ ನಿವೃತ್ತನಾದ ಮುದುಕ. ಅವನ ಟ್ರೈಲರೂ ಹೆಚ್ಚುಕಡಿಮೆ ಭಾವನದರ ವಯಸ್ಸಿನದೇ. ಅಕ್ಟೋಬರಿನಲ್ಲಿ ಬರುತ್ತಾನೆ, ಚಕ್ರದ ಕೆಳಗೆ ಟೈರಿಗಿಂತ ಅಗಲದ ಮರದ ಹಲಗೆ ಹಾಸುತ್ತಾನೆ, ಟೈರಿಗೆ ಪಕ್ಕೆಯಲ್ಲಿ ಬರೆದಷ್ಟು ಗಾಳಿ ತುಂಬುತ್ತಾನೆ, ಬೆಣೆ ಕೊಡುತ್ತಾನೆ, ಬ್ಯಾಟರಿ ಬಿಚ್ಚಿಕೊಂಡು ಫ್ಲಾರಿಡಾಗೆ ಹೋಗುತ್ತಾನೆ. ಇಪ್ಪತ್ತು ನಿಮಿಷದ ಕೆಲಸ. ಏಪ್ರಿಲ್‌ನಲ್ಲಿ ಬಿಸಿಲಿಗೆ ಕೆಂಪಾಗಿ ಬಂದು, ಎಳೆದುಕೊಂಡು ಹೋಗುತ್ತಾನೆ. ಅವನ ಟ್ರೈಲರಿಗೆ ಇದುವರೆಗೆ ಏನೂ ಆಗಿಲ್ಲ. ನಾನು ಓದಿ ತಿಳಿದ ಮಟ್ಟಿಗೆ ಅವನು ಮಾಡುವುದೂ ಸರಿಯೇ. ಆಗಾಗ ಚಕ್ರವನ್ನು ಅರ್ಧ ಸುತ್ತು ಸರಿಸಿದರೆ ಇನ್ನೂ ಸರಿ. ಇದನ್ನು ಭಾವನ ಮುಂದೆ ಹೇಳುವ ಧೈರ್ಯ ನನಗಿಲ್ಲ. ಭಾವ ಅವನನ್ನು ನೋಡುವುದು, ಪಥ್ಯ ಮಾಡದೆ ತೊಂಬತ್ತು ವರ್ಷ ಬದುಕಿದವನನ್ನು ಆಯುರ್ವೇದ ಪಂಡಿತರು ನೋಡುವ ಹಾಗೆ.

ಆಯುಧಪೂಜೆಯ ಕತೆ ಹೇಳಲೇಬೇಕು. ದಸರಾ ತಡವಾಗಿ ಬಂದ ಒಂದು ವರ್ಷ ಭಾವ ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿಯಾಗಿತ್ತು. ಅಕ್ಕ ನಿಂಬೆಹಣ್ಣು, ಕುಂಕುಮ, ಹೂವು ತೆಗೆದುಕೊಂಡು ಬಂದಳು. ನಿಂಬೆಹಣ್ಣನ್ನು ಚಕ್ರದ ಮುಂದಿಟ್ಟು ಗಾಡಿ ಒಂದು ಸುತ್ತು ಮುಂದಕ್ಕೆ ಹೋಗಿ ಅದನ್ನು ಜಜ್ಜಬೇಕು, ಪದ್ಧತಿ. ಭಾವ ಗಾಡಿಗೂ ನಿಂಬೆಹಣ್ಣಿಗೂ ನಡುವೆ ಕೈ ಚಾಚಿ ನಿಂತುಬಿಟ್ಟರು. "ಆರು ಗಂಟೆ ಹಿಡಿದಿದೆ ಮಟ್ಟ ಮಾಡೋಕೆ. ನಾಲ್ಕು ನಿಂಬೆಹಣ್ಣಿಗೋಸ್ಕರ ಇಳಿಸಲ್ಲ." ಅಕ್ಕನೂ ಬಿಡುವವಳಲ್ಲ. ಕೊನೆಗೆ ಭಾವ ಸುತ್ತಿಗೆ ತಂದು, ಪ್ರತಿ ಚಕ್ರದ ಮುಂದೂ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ನಿಂಬೆಹಣ್ಣನ್ನು ಭಕ್ತಿಯಿಂದ ಜಜ್ಜಿದರು. "ಇದು ಪೂಜೆನೋ ಪಾನಕನೋ" ಅಂದಳು ಅಕ್ಕ. ಬೂದುಗುಂಬಳ ಅಲ್ಲಿ ಎಲ್ಲಿಂದ ಬರಬೇಕು? ಅಕ್ಟೋಬರಿನಲ್ಲಿ ಅಮೆರಿಕದ ಅಂಗಡಿಗಳ ಮುಂದೆ ಕೇಸರಿ ಬಣ್ಣದ ಕುಂಬಳ ರಾಶಿ ಬಿದ್ದಿರುತ್ತದೆ, ಅದಕ್ಕೇ ತೂತು ಕೊರೆದು ಕುಂಕುಮ ತುಂಬಿ, ಕಾಸು ಹಾಕಿ ಒಡೆದೆವು. ಆ ಹೊತ್ತಿಗೆ ಚಾರ್ವಾಕ ಬಂದ. ಒಡೆದ ಕುಂಬಳ, ಕೆಂಪು ನೀರು, ಮಂಗಳಾರತಿ ತಟ್ಟೆ ಹಿಡಿದ ಅಕ್ಕ, ಸುತ್ತಿಗೆ ಹಿಡಿದ ಭಾವ ಎಲ್ಲವನ್ನೂ ನೋಡಿ, "ಹ್ಯಾಲೋವೀನ್‌ಗೆ ಇನ್ನೂ ಒಂದು ವಾರ ಇದೆಯಲ್ಲ" ಅಂದ. ಭಾವನಿಗೆ ಉತ್ತರ ಕೊಡಲು ಪುರಸೊತ್ತಿರಲಿಲ್ಲ. ಕುಂಬಳದ ಬೀಜ ಒಂದೊಂದನ್ನೂ ಆರಿಸುತ್ತಿದ್ದರು. ಚಳಿಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುವ ಇಲಿಗಳಿಗೆ ಅದಕ್ಕಿಂತ ಬೇರೆ ಆಮಂತ್ರಣ ಪತ್ರಿಕೆ ಬೇಕೆ?

ಹಾಸನದಿಂದ ಅಮ್ಮ ಬಂದ ವರ್ಷ ನಯಾಗರ ತೋರಿಸಿದ ಮೇಲೆ ಭಾವ, "ಅತ್ತೆ, ಇನ್ನೊಂದು ಜಾಗ ಇದೆ, ನೀವು ನೋಡಲೇಬೇಕು" ಅಂದರು. ಮೂರು ಗಂಟೆ ಕಾರಿನಲ್ಲಿ ಕೂರಿಸಿಕೊಂಡು ಇಂಡಿಯಾನಾದ ಎಲ್ಕ್‌ಹಾರ್ಟ್‌ಗೆ ಕರೆದೊಯ್ದರು. ಅಮೆರಿಕದ ಮನೆಗಾಡಿಗಳಲ್ಲಿ ಬಹುಪಾಲು ತಯಾರಾಗುವುದು ಆ ಸೀಮೆಯಲ್ಲಿ. ಅಲ್ಲೊಂದು ಮ್ಯೂಸಿಯಂ. 1913ರ ಟ್ರೈಲರ್ ಒಂದು, ಅದನ್ನು ಎಳೆಯುವ ಫೋರ್ಡ್ ಮಾಡೆಲ್ ಟಿ ಕಾರಿನ ಜೊತೆ ನಿಂತಿದೆ. ಎಲ್ಲರೂ ಅದರ ಪುಟ್ಟ ಕಿಟಕಿಯಲ್ಲಿ ಇಣುಕುತ್ತಾರೆ. ಭಾವ ನೆಲದ ಮೇಲೆ ಅಂಗಾತ ಮಲಗಿದರು. ನೂರು ವರ್ಷಕ್ಕೂ ಮೇಲ್ಪಟ್ಟ ಗಾಡಿಯನ್ನು ಯಾವುದರ ಮೇಲೆ ನಿಲ್ಲಿಸಿದ್ದಾರೆ ಅಂತ ನೋಡಬೇಕಿತ್ತಂತೆ. ಅಲ್ಲಿದ್ದ ಒಬ್ಬ ಹಿರಿಯರು ಎದೆನೋವೇನೋ ಅಂದುಕೊಂಡು ನೀರು ಹಿಡಿದು ಓಡಿ ಬಂದರು. ಅಮ್ಮ ಊರಿಗೆ ವಾಪಸು ಹೋಗಿ ಎಲ್ಲರಿಗೂ ಹೇಳಿದ್ದು ಎರಡೇ: "ನಯಾಗರದಲ್ಲಿ ನೀರು ಬೀಳೋದು ನೋಡಿದೆ. ಇನ್ನೊಂದೂರಲ್ಲಿ ಅಳಿಯಂದ್ರು ಬಿದ್ದಿದ್ದು ನೋಡಿದೆ."

ಇಷ್ಟು ಮಾಡಿದ ಮನುಷ್ಯ ಪ್ರವಾಸದಲ್ಲಿ ಹೇಗಿರಬೇಕು? ಸಪ್ಪೆ. ಲೇಕ್ ಮಿಶಿಗನ್ ದಂಡೆಯ ಲಡಿಂಗ್ಟನ್‌ನಲ್ಲಿ ಜಾಗ ಬೇಕೆಂದರೆ ಆರು ತಿಂಗಳು ಮುಂಚೆ ಬುಕ್ ಮಾಡಬೇಕು. ಅಕ್ಕ ಮಾಡುತ್ತಾಳೆ. ಎಲ್ಲರೂ ಮರಳಿನಲ್ಲಿ ಆಡುವಾಗ ಭಾವ ಗಾಡಿಯ ಕೆಳಗಿರುತ್ತಾರೆ. ಒಮ್ಮೆ ಉತ್ತರಕ್ಕೆ ಹೊರಟಾಗ, 1957ರಲ್ಲಿ ಕಟ್ಟಿದ ಐದು ಮೈಲಿ ಉದ್ದದ ಮ್ಯಾಕಿನಾ ಸೇತುವೆ ಬಂತು. ಗಾಳಿ ಜೋರಾದರೆ ಅಲ್ಲಿ ಇಂಥ ಎತ್ತರದ ಗಾಡಿಗಳನ್ನು ತಡೆದು ನಿಲ್ಲಿಸುತ್ತಾರೆ. ಭಾವ ಕಿಟಕಿ ಇಳಿಸಿ, ಗಾಳಿಗೆ ಕೈ ಚಾಚಿ, ಆಸೆಯಿಂದ ನೋಡುತ್ತಿದ್ದರು ಅಂತ ಅಕ್ಕ ಹೇಳುತ್ತಾಳೆ. ಅವತ್ತು ಗಾಳಿ ಬೀಸಲಿಲ್ಲ.

ಅವರ ನಿಜವಾದ ಶತ್ರು ಚಳಿ. ನೀರಿನ ಪೈಪು ಒಡೆಯದಿರಲು ಗುಲಾಬಿ ಬಣ್ಣದ ದ್ರವ ತುಂಬಬಹುದು. ಬ್ಯಾಟರಿಯನ್ನು ಮನೆಗೆ ತಂದು ನೆಲಮಾಳಿಗೆಯಲ್ಲಿ ಚಾರ್ಜಿಗಿಡಬಹುದು, ಚಾರ್ಜ್ ಇಳಿದ ಬ್ಯಾಟರಿ ಬೇಗ ಹೆಪ್ಪುಗಟ್ಟಿ ಒಡೆಯುತ್ತದೆ. ನೆಲವನ್ನು ಏನು ಮಾಡುವುದು? ಮಣ್ಣಿನೊಳಗಿನ ನೀರು ಮಂಜುಗಡ್ಡೆಯಾಗಿ ಉಬ್ಬಿ ನೆಲವನ್ನೇ ಮೇಲಕ್ಕೆ ನೂಕುತ್ತದೆ. ಮಾರ್ಚಿನಲ್ಲಿ ಕರಗಿ ಕೆಸರಾದಾಗ ಇಳಿಯುತ್ತದೆ. ಎಲ್ಲ ಕಡೆ ಒಂದೇ ಸಮನಾಗಿ ಇಳಿದಿದ್ದರೆ ಭಾವನಿಗೆ ನಿದ್ದೆ ಬರುತ್ತಿತ್ತು. ಇಲ್ಲಿನ ಮನೆಗಳ ಪಾಯವನ್ನೇ ಅದಕ್ಕೆ 42 ಇಂಚು ಆಳಕ್ಕೆ ತೆಗೆಯುತ್ತಾರೆ. ಒಂದು ರಾತ್ರಿ ಊಟದ ಮೇಜಿನಲ್ಲಿ ಭಾವ ಮೆಲ್ಲಗೆ, ರೈತನನ್ನು ಕೇಳಿ ಟ್ರೈಲರಿನ ಕೆಳಗೂ ಅಷ್ಟೇ ಆಳದ ನಾಲ್ಕು ಕಾಂಕ್ರೀಟ್ ಕಂಬ ಇಳಿಸಿದರೆ ಹೇಗೆ ಅಂದರು. ಅಕ್ಕ ಅನ್ನ ಬಡಿಸುತ್ತಿದ್ದವಳು ನಿಲ್ಲಿಸಿದಳು. "ಮಾಡಿ. ಪಾಯ ಹಾಕಿದ್ಮೇಲೆ ಗೃಹಪ್ರವೇಶಾನೂ ಮಾಡ್ಬಿಡಿ. ಪುರೋಹಿತರಿಗೆ ನಾನು ಹೇಳ್ತೀನಿ. ಹಾಲುಕ್ಕಿಸೋಕೆ ಒಲೆ ಹೇಗೂ ಇದೆ." ಕಂಬದ ಮಾತು ಅಲ್ಲಿಗೆ ನಿಂತಿತು.

ಅದರ ಬದಲು ಬಂದದ್ದು ಗೋಲಿ. ಮಟ್ಟವೇ ಮೋಕ್ಷ ಅಂದುಕೊಂಡಿದ್ದ ಭಾವನಿಗೆ ಒಂದು ಧರ್ಮಸಂಕಟ ಎದುರಾಗಿತ್ತು. ನಿಲ್ಲಿಸಿದ ಗಾಡಿಯ ಮೂಕಿ ಒಂದಿಂಚು ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಚಾವಣಿಯ ಮೇಲೆ ಮಳೆ ನೀರು, ಕರಗಿದ ಹಿಮ ನಿಂತು, ಎಲ್ಲೋ ಒಂದು ಸಣ್ಣ ಸೀಳು ಹುಡುಕಿ ಒಳಗಿಳಿಯುತ್ತದೆ. ಅಂದರೆ ಬೇಕೆಂದೇ ಮಟ್ಟ ತಪ್ಪಿಸಬೇಕು. ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲವಂತೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಗಾಡಿಯ ಅಡ್ಡಕ್ಕೆ ಅಪ್ಪನ ರಸಮಟ್ಟ, ಉದ್ದಕ್ಕೆ ಗೋಲಿ. ಮಗ ಬಿಟ್ಟುಹೋದ ಆಟಿಕೆಗಳಲ್ಲಿದ್ದ ನೀಲಿ ಸುಳಿಯ ಗಾಜಿನ ಗೋಲಿ, ಟ್ರೈಲರಿನ ಚಮಚಗಳ ಡ್ರಾಯರಿನಲ್ಲಿ ವಾಸ. ಊಟದ ಮೇಜಿನ ಮೇಲೆ ಬಿಟ್ಟರೆ ಅದು ಹಿಂದಕ್ಕೆ, ಹಾಸಿಗೆಯ ಕಡೆಗೆ ಉರುಳಬೇಕು. ನಿಧಾನವಾಗಿ, ಅವಸರವಿಲ್ಲದೆ, ಮಾವನ ಮನೆಗೆ ಹೊರಟ ಅಳಿಯನ ಹಾಗೆ. ಆಗ ಎಲ್ಲ ಸರಿಯಿದೆ ಎಂದರ್ಥ.

ಈ ಸಲ ಯುಗಾದಿಯ ಮಾರನೆಯ ಭಾನುವಾರ ಹೋಗಿದ್ದೆವು. ಹೊಲದ ಅಂಚಿನಲ್ಲಿ ಹಿಮ ಕೊಳಕಾಗಿ ಉಳಿದಿತ್ತು, ಜಲ್ಲಿಯ ಮಧ್ಯೆ ಕೆಸರು ಬುಗುಬುಗು ಅನ್ನುತ್ತಿತ್ತು. ಭಾವ ಬೀಗ ತೆಗೆದು ಒಳಗೆ ಹೋದರು, ನಾನು ಹಿಂದೆ. ಒಳಗೆ ಹೊರಗಿಗಿಂತ ಚಳಿ. ಅಕ್ಕ ಕೊಟ್ಟ ಹೋಳಿಗೆಯ ಡಬ್ಬಿ ಮೇಜಿನ ಮೇಲಿಟ್ಟು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಇಬ್ಬರೂ ಸ್ವೆಟರ್ ಮೇಲೆ ಜಾಕೆಟ್ ಹಾಕಿಕೊಂಡು ಎದುರುಬದುರು ಕೂತೆವು. ಭಾವ ಹೋಳಿಗೆಗೆ ಕೈ ಹಾಕಲಿಲ್ಲ. ಡ್ರಾಯರ್ ಎಳೆದು ಗೋಲಿ ತೆಗೆದರು. ಮೇಜಿನ ನಟ್ಟನಡುವೆ ಇಟ್ಟು, ಎರಡು ಬೆರಳಲ್ಲಿ ಹಿಡಿದು, ನನ್ನನ್ನೊಮ್ಮೆ ನೋಡಿ, ಬಿಟ್ಟರು.

ಗೋಲಿ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಮೂಕಿಯ ಕಡೆಗೆ ಹೊರಟಿತು. ಹೊರಟಿದ್ದು ನೇರವಾಗಿಯೂ ಅಲ್ಲ, ಎಡಕ್ಕೆ ವಾಲುತ್ತ, ಹೋಳಿಗೆ ಡಬ್ಬಿಯನ್ನು ಬಳಸಿ, ಮೇಜಿನ ಅಂಚು ದಾಟಿ ಕೆಳಗೆ ಬಿತ್ತು. ಟಕ್, ಟಕ್, ಆಮೇಲೆ ಗರಗರ ಅಂತ ಮುಂದಿನ ಮೂಲೆಯವರೆಗೂ ಸದ್ದು.

ಭಾವನ ಮುಖ ಅರಳಿತು. "ಎಡಗಡೆ ಮುಂದಿಂದು" ಅಂದರು, ಆಗಲೇ ಎದ್ದು ತೋಳು ಮಡಚಿಕೊಳ್ಳುತ್ತಿದ್ದರು. "ಅರ್ಧ ಇಂಚು ಇಳಿದಿದೆ. ಮುಕ್ಕಾಲೇ ಇರಬಹುದು."

ಹೋಳಿಗೆ ಡಬ್ಬಿ ಮುಚ್ಚಿದೆ. ಟಾರ್ಚ್ ಎಲ್ಲಿ ಅಂತ ಹುಡುಕಲು ಹೋದರೆ, ಅದು ನನ್ನ ಕೈಯಲ್ಲೇ ಇತ್ತು.